ಎರಡನೇ ಕೀಲಿ ಯಾರ ಹತ್ತಿರ

ಭಾನುವಾರ, ಹದಿನಾರನೇ ತಾರೀಖು
(ಅಂಗಡಿಗೆ ರಜೆ)

ಪ್ರೀತಿಯ ಪುಟ್ಟಿಗೆ,

ಅಮ್ಮನ ತುಂಬು ಆಶೀರ್ವಾದ. ನಾನು, ನಿನ್ನಪ್ಪ ಇಬ್ಬರೂ ಚೆನ್ನಾಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ಎಂದು ನಂಬಿಕೊಂಡು ನೆಮ್ಮದಿಯಾಗಿದ್ದೇನೆ. ಅದು ನಿಜವಲ್ಲದಿದ್ದರೆ ದಯವಿಟ್ಟು ಬರೆದು ತಿಳಿಸಬೇಡ.

ನಿನ್ನ ಕಾಗದ ಬಂದು ಮೂರು ವಾರವಾಯಿತು. "ಬೇಗ ಬರಿ ಅಮ್ಮ, ಮುಂದಿನ ತಿಂಗಳ ಕೊನೆಯೊಳಗೆ ಮಾಡಿ ಮುಗಿಸಬೇಕು" ಎಂದು ನೀನು ಕೆಳಗೆ ಗೆರೆ ಎಳೆದು ಬರೆದಿದ್ದೆ. ಆ ಗೆರೆ ನೋಡಿದಾಗಲೆಲ್ಲ ಚುಚ್ಚಿದ ಹಾಗಾಗುತ್ತಿತ್ತು. ತಡವಾದದ್ದಕ್ಕೆ ಕ್ಷಮಿಸು. ಅದಕ್ಕೆ ಎರಡು ಕಾರಣ. ಒಂದು, ನೀನು ಬಿದ್ದು ಬಿದ್ದು ನಗುವಂಥದ್ದು. ಅದನ್ನು ಮೊದಲು ಹೇಳುತ್ತೇನೆ. ಇನ್ನೊಂದಕ್ಕೆ ಸ್ವಲ್ಪ ಧೈರ್ಯ ಬೇಕು. ಬರೆಯುತ್ತಾ ಬರೆಯುತ್ತಾ ಬರಬಹುದು.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನಾನು ಫೋನ್ ಹಿಡಿದರೆ ಸಾಕು, ನಿನ್ನಪ್ಪ ಪಕ್ಕಕ್ಕೆ ಬಂದು ನಿಂತು "ಏನಂತೆ? ಏನಂತೆ?" ಎಂದು ಶುರು ಮಾಡುತ್ತಾರೆ. ಮೂವತ್ತೈದು ವರ್ಷ ಬಸ್ಸು ಓಡಿಸಿದವರು, ಕಂಡಕ್ಟರ್ ಹೇಳಿದ್ದನ್ನೆಲ್ಲ ಎರಡು ಸಲ ಕೇಳಿ ಅಭ್ಯಾಸ. ನೀನೂ ಇದನ್ನು ಫೋನಿನಲ್ಲಿ ಕೇಳದೆ ಕಾಗದದಲ್ಲಿ ಕೇಳಿದೆ. ಹಾಗಾಗಿ ಉತ್ತರವೂ ಕಾಗದದಲ್ಲೇ ಬರಲಿ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಬೇರೆ ಬೇರೆಯಾಗಬೇಕೆಂದು ನಿಮ್ಮ ಕೌನ್ಸೆಲಿಂಗ್ ಆಫೀಸಿಗೆ ಬಂದ ಗಂಡ ಹೆಂಡಿರು, ಅವರ ಮಕ್ಕಳು, ನಿನ್ನೆದುರು ಕೂತು ಅತ್ತು ಹೇಳಿಕೊಂಡದ್ದನ್ನೆಲ್ಲ ನೀನು ನಿನ್ನ ಸ್ವಂತ ಕಂಪ್ಯೂಟರಿನಲ್ಲಿ ಬರೆದಿಟ್ಟುಕೊಳ್ಳುವುದು ನನಗೆ ಗೊತ್ತಿತ್ತು. ಆದರೆ ನಿನ್ನ ಜೊತೆ ಕೆಲಸ ಮಾಡುವ ಆಕೆ ರೈಲಿನ ಸೀಟಿನ ಮೇಲೆ ಬ್ಯಾಗು ಬಿಟ್ಟು ನೀರು ತರಲು ಹೋದಳು, ಬರುವಷ್ಟರಲ್ಲಿ ಬ್ಯಾಗೂ ಇಲ್ಲ, ಕಂಪ್ಯೂಟರೂ ಇಲ್ಲ ಎಂದು ಓದಿ ನಾನೇ ಹೆದರಿದೆ. ಎಷ್ಟು ಮನೆಗಳ ಮಾತು ಅದರಲ್ಲಿತ್ತೋ. ಎಲ್ಲರೂ ತಮ್ಮ ಕಂಪ್ಯೂಟರಿನ ಡಿಸ್ಕಿಗೆ ಎನ್‌ಕ್ರಿಪ್ಷನ್ ಹಾಕಿಸಿಕೊಳ್ಳಲೇಬೇಕೆಂದು ನಿಮ್ಮ ಆಫೀಸಿನವರು ಹೇಳಿದ್ದು ಸರಿ. ಯಾವುದನ್ನು ಹಾಕಿಕೊಳ್ಳಬೇಕೆಂದು ಹೇಳದೆ ಬಿಟ್ಟದ್ದು ಆಫೀಸುಗಳ ರೀತಿ.

"ನೀನು ಬೀಗದವಳು. ಯಾವ ಬೀಗ ಗಟ್ಟಿ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದು ಕೇಳಿದ್ದೀಯ. ಓದಿ ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ. ಹದಿನಾಲ್ಕು ವರ್ಷದಲ್ಲಿ ನೀನು ನನ್ನಿಂದ ಏನನ್ನೂ ಕೇಳಿರಲಿಲ್ಲ. ಓದು, ಕೆಲಸ, ಮನೆ ಎಲ್ಲ ನೀನೇ ನೋಡಿಕೊಂಡೆ. ನಿನ್ನಪ್ಪನಿಗೆ ಆ ಸಾಲನ್ನು ಮೂರು ಸಲ ಓದಿ ಹೇಳಿದೆ. "ಸರಿ ಕಣೇ, ಕೇಳಿಸ್ತು, ನಾನೇನು ಕಿವುಡನಾ?" ಎಂದರು.

ಆಮೇಲೆ ನಿನ್ನ ಇನ್ನೊಂದು ಕೇಳಿಕೆ. ಈ ಬೀಗಕ್ಕೆ ಎರಡನೇ ಕೀಲಿ ಇರುತ್ತದಂತೆ, ಪಾಸ್‌ವರ್ಡ್ ಮರೆತರೆ ಅದೇ ಗತಿಯಂತೆ, ಅದನ್ನು ಕಾಗದದ ಮೇಲೆ ಅಚ್ಚು ಹಾಕಿ ನನಗೆ ಕಳಿಸುವೆ, ಅದು ನನ್ನ ಹತ್ತಿರವೇ ಇರಲಿ ಎಂದು ಬರೆದಿದ್ದೀಯ. "ಹನ್ನೆರಡನೇ ಹುಟ್ಟುಹಬ್ಬಕ್ಕೆ ತಗಡಿನ ಪೆಟ್ಟಿಗೆ ಕೊಟ್ಟು, ಎರಡೂ ಕೀಲಿ ನಿನ್ನ ಹತ್ರಾನೇ ಇಟ್ಕೋ, ನನ್ನ ಹತ್ರ ಒಂದೂ ಇಲ್ಲ ಅಂದವಳು ನೀನು. ಒಬ್ಬಳನ್ನು ನಂಬಿ ಒಂದು ಸಲ ಕೆಟ್ಟೆ. ಆಮೇಲೆ ನಿನ್ನನ್ನು ಬಿಟ್ಟು ಯಾರನ್ನೂ ಅಷ್ಟು ನಂಬಿಲ್ಲ" ಎಂದೂ ಬರೆದಿದ್ದೀಯ. ಅದಕ್ಕೆ ಉತ್ತರವನ್ನು ಕೊನೆಯಲ್ಲಿ ಕೊಡುತ್ತೇನೆ. ಮೊದಲು ಬೀಗದ ಮಾತು.

ನಿನ್ನ ಕಾಗದ ಬಂದ ಮರುದಿನವೇ ಅಂಗಡಿಯ ಹಳೇ ಕಂಪ್ಯೂಟರನ್ನು ಕಂಕುಳಲ್ಲಿ ಇರುಕಿಕೊಂಡು ಎದುರು ಸಾಲಿನ ಕಂಪ್ಯೂಟರ್ ರಿಪೇರಿಯವಳ ಹತ್ತಿರ ಹೋದೆ. ನೀನು ಅವಳನ್ನು ನೋಡಿಲ್ಲ. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ನೆತ್ತಿಯ ಮೇಲೆ, ಯಾವಾಗಲೂ ಮೂರನೆಯದನ್ನು ಹುಡುಕುತ್ತಿರುತ್ತಾಳೆ. ನಿನ್ನಪ್ಪ ಜೋಡಿಕನ್ನಡಕ ಎಂದು ಹೆಸರಿಟ್ಟಿದ್ದಾರೆ. "ನನ್ನ ಕಂಪ್ಯೂಟರ್‌ಗೆ ಪಾಸ್‌ವರ್ಡ್ ಇದೆಯಲ್ಲ, ಸಾಲದಾ?" ಎಂದು ಕೇಳಿದೆ. ಅವಳು ನಾಲ್ಕು ಸ್ಕ್ರೂ ಬಿಚ್ಚಿ, ಡಿಸ್ಕನ್ನು ಹೊರಗೆಳೆದು, ತನ್ನ ಮೆಷಿನ್ನಿಗೆ ಸಿಕ್ಕಿಸಿದಳು. ನನ್ನ ಪಾಸ್‌ವರ್ಡನ್ನು ಯಾರೂ ಕೇಳಲೇ ಇಲ್ಲ. ನಿನ್ನಪ್ಪ ಬಚ್ಚಲುಮನೆಯಲ್ಲಿ ಹಾಡಿ ರೆಕಾರ್ಡು ಮಾಡಿಟ್ಟುಕೊಂಡ ಹಾಡು ಅಂಗಡಿ ತುಂಬ ಮೊಳಗಿತು. ಗಿರಾಕಿಯೊಬ್ಬರು ಎದ್ದು ಹೊರಗೆ ಹೋದರು.

"ನೋಡಿ ಅಮ್ಮಾ, ಆ ಪಾಸ್‌ವರ್ಡ್ ಅಂದ್ರೆ ಬಾಗಿಲಿಗೆ ಇಳಿಬಿಟ್ಟ ಪರದೆ ಅಷ್ಟೇ. ಎನ್‌ಕ್ರಿಪ್ಷನ್ ಹಾಕಿದ್ರೆ ಡಿಸ್ಕಲ್ಲಿರೋ ಒಂದೊಂದು ಅಕ್ಷರಾನೂ ಕಲಸಿ ಕೂತ್ಬಿಡತ್ತೆ. ಕೀಲಿ ಇಲ್ದೆ ಬಿಚ್ಚಿ ನೋಡಿದ್ರೆ ಬರೀ ಕಸ" ಎಂದಳು. ನನಗೆ ಆಗ ಅರ್ಥವಾಯಿತು. ನಮ್ಮ ಬೀಗ ಬಾಗಿಲನ್ನು ಮಾತ್ರ ಕಾಯುತ್ತದೆ, ಗೋಡೆ ಒಡೆದರೆ ಸಾಮಾನು ಸಾಮಾನಾಗಿಯೇ ಇರುತ್ತದೆ. ಈ ಬೀಗ ಸಾಮಾನನ್ನೇ ಗುರುತು ಸಿಗದ ಹಾಗೆ ಮಾಡಿಬಿಡುತ್ತದೆ. ಒಬ್ಬ ಕಸುಬುದಾರಳಾಗಿ ನನಗೆ ಹೊಟ್ಟೆಕಿಚ್ಚಾಯಿತು.

ಅವಳು ಮೂರು ತೋರಿಸಿದಳು. ಮೊದಲನೆಯದು ಒಂದು ಕಂಪನಿ ಮಾರುವಂಥದ್ದು. ಡಬ್ಬಿಯ ಮೇಲೆ ಗುರಾಣಿ, ಕತ್ತಿ, ಸೈನಿಕನ ಚಿತ್ರ. "ಮರೆತರೂ ಚಿಂತೆಯಿಲ್ಲ, ನಮಗೆ ಕರೆ ಮಾಡಿ, ನಾವೇ ತೆರೆದುಕೊಡುತ್ತೇವೆ" ಎಂದು ದೊಡ್ಡದಾಗಿ ಬರೆದಿತ್ತು. ಅದನ್ನು ಅಲ್ಲೇ ಕೆಳಗಿಟ್ಟೆ. ನನಗೆ ತೆರೆದುಕೊಡುವವರು ನನ್ನ ಹೆಸರು ಹೇಳಿಕೊಂಡು ಬಂದವರಿಗೂ ತೆರೆದುಕೊಡುತ್ತಾರೆ. ಬೀಗದ ಮೇಲೆ ಸೈನಿಕನ ಚಿತ್ರ ಯಾಕೆ ಬೇಕು ಹೇಳು.

ಎರಡನೆಯದು ಕಂಪ್ಯೂಟರಿನ ಜೊತೆಗೇ ಬರುವಂಥದ್ದು. ಒಂದು ಗುಂಡಿ ಒತ್ತಿದರೆ ಆಯಿತು, ಕೈಕಾಲು ನೋಯುವ ಮಾತಿಲ್ಲ. ಕೆಟ್ಟದ್ದಲ್ಲ, ಬಹಳ ಜನಕ್ಕೆ ಅದೇ ಸಾಕು ಎಂದು ಜೋಡಿಕನ್ನಡಕ ಹೇಳಿದಳು. ಆದರೆ ನಾವು ಬೇಡವೆಂದು ಹುಡುಕಿ ಹೇಳದಿದ್ದರೆ ಎರಡನೇ ಕೀಲಿಯನ್ನು ಆ ಕಂಪನಿಯೇ ತನ್ನ ಹತ್ತಿರ ಇಟ್ಟುಕೊಳ್ಳಬಹುದಂತೆ, ನಮ್ಮ ಒಳ್ಳೆಯದಕ್ಕೇ ಅಂತೆ. ಬಾಡಿಗೆ ಮನೆಗಳ ಮಾಲೀಕರೂ ಹಾಗೆಯೇ ಹೇಳುತ್ತಾರೆ. ಬಾಡಿಗೆಗೆ ಬಂದವರು ಮೊದಲನೇ ವಾರವೇ ನನ್ನ ಹತ್ತಿರ ಬಂದು ಬೀಗ ಬದಲಾಯಿಸಿಕೊಂಡು ಹೋಗುತ್ತಾರೆ.

ಮೂರನೆಯದು ಬಿಟ್ಟಿ. ಯಾರ ಕಂಪನಿಯೂ ಅಲ್ಲ, ಎಲ್ಲೆಲ್ಲಿಯೋ ಇರುವವರು ಸೇರಿ ಮಾಡಿದ್ದು. ಅದು ಹೇಗೆ ಮಾಡಿದ್ದೆಂದು ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದಂತೆ. ನಾನು ಮೂಗು ಮುರಿದೆ. "ಬೀಗದ ಹೊಟ್ಟೆಯೊಳಗೆ ಏನಿದೆ ಅಂತ ಬೀದಿಯಲ್ಲಿ ನೇತು ಹಾಕಿದ್ರೆ ಕಳ್ಳನಿಗೆ ಪಾಠ ಹೇಳಿಕೊಟ್ಟ ಹಾಗಲ್ವಾ?" ಎಂದೆ. ಅವಳು ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಅಂಗಡೀಲಿ ನೇತು ಹಾಕಿರೋ ಬೀಗಗಳ ಹೊಟ್ಟೇಲಿ ಏನಿದೆ ಅಂತ ಊರಿನ ಬೀಗದವ್ರಿಗೆಲ್ಲ ಗೊತ್ತಿಲ್ವಾ ಅಮ್ಮಾ? ಆದ್ರೂ ಜನ ಯಾಕೆ ತಗೊಂಡು ಹೋಗ್ತಾರೆ?" ಎಂದಳು.

ನಿನ್ನ ತಾತ ನನ್ನನ್ನು ಈ ಕಸುಬಿಗೆ ಕೂರಿಸಿದ ಮೊದಲ ದಿನ ಹೇಳಿಕೊಟ್ಟ ಪಾಠ ಅದು. ಗುಟ್ಟು ಬೀಗದಲ್ಲಿ ಇರುವುದಿಲ್ಲ, ಕೀಲಿಯ ಹಲ್ಲಿನಲ್ಲಿರುತ್ತದೆ. ಬೀಗವನ್ನು ಹತ್ತು ಜನ ಬಿಚ್ಚಿ ನೋಡಿ ತಪ್ಪು ತೋರಿಸಿದಷ್ಟೂ ಅದು ಗಟ್ಟಿಯಾಗುತ್ತದೆ. ನನ್ನ ಕಸುಬನ್ನು ನನಗೇ ಹೇಳಿಸಿಕೊಂಡು ಮನೆಗೆ ಬಂದೆ. ಮೂರನೆಯದನ್ನೇ ಆರಿಸಿದ್ದೇನೆ. ಅದರ ಹೆಸರು, ಎಲ್ಲಿಂದ ಇಳಿಸಿಕೊಳ್ಳಬೇಕು ಎಂಬುದನ್ನು ಜೋಡಿಕನ್ನಡಕ ಬೇರೆ ಚೀಟಿಯಲ್ಲಿ ಬರೆದುಕೊಟ್ಟಿದ್ದಾಳೆ, ಲಕೋಟೆಯಲ್ಲಿ ಇಟ್ಟಿದ್ದೇನೆ. ಬೇರೆ ಕಡೆಯಿಂದ ಇಳಿಸಿಕೊಳ್ಳಬೇಡ, ಅದೇ ಹೆಸರಿನ ಕಳ್ಳ ಸರಕೂ ಇರುತ್ತದಂತೆ.

ಈಗ ನಗುವ ಭಾಗ. ಮಗಳಿಗೆ ಹೇಳುವ ಮೊದಲು ನಾನೇ ಹಾಕಿ ನೋಡಬೇಕೆಂದು ಅಂಗಡಿಯ ಕಂಪ್ಯೂಟರ್ ಮುಂದೆ ಕೂತೆ. ಪಾಸ್‌ವರ್ಡ್ ಉದ್ದವಿರಬೇಕು, ಒಂದು ಪದ ಸಾಲದು, ಐದಾರು ಪದ ಬೇಕು ಎಂದಿತು. ನಾನು ಜಾಣತನ ಮಾಡಿ ಕನ್ನಡದಲ್ಲೇ ಹೊಡೆದೆ. ಕಳ್ಳ ಎಷ್ಟೇ ಬುದ್ಧಿವಂತನಾದರೂ ಕನ್ನಡದಲ್ಲಿ ಹೊಡೆದು ನೋಡುತ್ತಾನೆಯೇ ಎಂದು ಒಳಗೊಳಗೇ ಬೀಗಿದೆ. ನಡುವೆ ಅದು "ಬೀಗ ಹಾಕುವ ಮುನ್ನ ಒಮ್ಮೆ ಪರೀಕ್ಷಿಸಬೇಕೇ?" ಎಂದು ಕೇಳಿತು. ಬೇಡ ಎಂದು ಒತ್ತಿದೆ. ಎರಡನೇ ಕೀಲಿಯನ್ನು ಎಲ್ಲಿ ಇಡಲಿ ಎಂದು ಕೇಳಿತು. ಇಲ್ಲೇ ಕಣ್ಣೆದುರಿಗೆ ಇರಲಿ ಎಂದು ಅದೇ ಕಂಪ್ಯೂಟರಿನೊಳಗೆ ಇಟ್ಟೆ.

ಸಂಜೆಯವರೆಗೆ ಅದು ಏನೋ ಅರೆಯುತ್ತಾ ಕೂತಿತ್ತು. ಮುಗಿದ ಮೇಲೆ ಆರಿಸಿ ಮತ್ತೆ ಹಾಕಿದೆ. ಕಪ್ಪು ಪರದೆಯ ಮೇಲೆ ಪಾಸ್‌ವರ್ಡ್ ಕೇಳಿತು. ಆ ಕಪ್ಪು ಪರದೆಗೆ ಕನ್ನಡ ಬರುವುದಿಲ್ಲ, ಪುಟ್ಟಿ. ಕಂಪ್ಯೂಟರ್ ಪೂರ್ತಿ ಎದ್ದ ಮೇಲೆ ಕನ್ನಡ ಬರುತ್ತದೆ, ಎದ್ದೇಳಬೇಕಾದರೆ ಪಾಸ್‌ವರ್ಡ್ ಬೇಕು. ಎರಡನೇ ಕೀಲಿ ಬಾಗಿಲಿನ ಆ ಕಡೆ ಕಣ್ಣೆದುರಿಗೇ ಕೂತಿದೆ. ಕೀಲಿಯನ್ನು ಕಪಾಟಿನೊಳಗಿಟ್ಟು ಕದ ಜಪ್ಪಿ ಬಂದವರನ್ನು ನೋಡಿ ಈ ಮೂವತ್ತು ವರ್ಷದಲ್ಲಿ ಎಷ್ಟು ನಕ್ಕಿದ್ದೇನೆ ನಾನು. ಹೊಸ ಬೀಗವನ್ನು ಬಾಗಿಲು ತೆರೆದಿಟ್ಟೇ ಹಾಕಿ ತೆಗೆದು ನೋಡಬೇಕೆಂದು ಗೋಡೆಗೆ ಬರೆದು ಅಂಟಿಸಿದವಳೂ ನಾನೇ. ಆ ಬರಹದ ಕೆಳಗೇ ಕೂತು ಈ ಕೆಲಸ ಮಾಡಿದ್ದೆ.

ಒಂಬತ್ತು ದಿನ ಅದರ ಮುಂದೆ ಕೂತೆ. ಇದೇ ತಡವಾದದ್ದಕ್ಕೆ ಮೊದಲ ಕಾರಣ. ಅರ ಹಿಡಿದು ಉಜ್ಜಿ ತೆರೆಯುವ ಹಾಗಿಲ್ಲ, ಕಿವಿಯಿಟ್ಟು ಕೇಳಿದರೆ ಒಳಗೆ ಸದ್ದಿಲ್ಲ. ಜೋಡಿಕನ್ನಡಕ ಬಂದು ನೋಡಿ ಕೈಚೆಲ್ಲಿದಳು. "ಮಾಡಿದವ್ರೇ ಬಂದ್ರೂ ಆಗಲ್ಲ ಅಮ್ಮಾ. ಅದಕ್ಕೇ ಅದು ಒಳ್ಳೇದು" ಎಂದಳು. ನನಗೆ ತೆರೆಯಲಾಗದ ಬೀಗವನ್ನು ಅಂದು ಮೊದಲ ಸಲ ನೋಡಿದೆ. ಅಂಗಡಿಯ ಲೆಕ್ಕ ಹೇಗೂ ಕಾಗದದಲ್ಲಿದೆ, ಅದಕ್ಕೇನೂ ಆಗಲಿಲ್ಲ. ಹೋದದ್ದು ನಿನ್ನಪ್ಪನ ಹನ್ನೊಂದು ಹಾಡು. ಎರಡು ದಿನ ಪೆಚ್ಚು ಮೋರೆ ಹಾಕಿಕೊಂಡು ಓಡಾಡಿದರು. ಮೂರನೇ ದಿನ ಬಚ್ಚಲುಮನೆಯಿಂದ ಮತ್ತೆ ಶುರುವಾಯಿತು. "ಮೊದಲಿನದಕ್ಕಿಂತ ಈಗ ಶ್ರುತಿ ಚೆನ್ನಾಗಿದೆ ಅಲ್ವೇನೇ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಅವರ ಹಾಡು ಕಳೆದವಳು ನಾನು, ಇನ್ನೇನು ಹೇಳಲಿ.

ಆದ್ದರಿಂದ ನೀನು ಹೀಗೆ ಮಾಡು. ಮೊದಲು ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೋ, ಕೆಲಸ ಸರಿಯಾಗಿ ಮುಗಿದ ಮೇಲೆ ಆ ಡಿಸ್ಕಿಗೂ ಇದೇ ಬೀಗ ಹಾಕು. ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರದಲ್ಲಿರಲಿ, ಒಂದಕ್ಕೊಂದು ಸಂಬಂಧವಿಲ್ಲದ ಆರು ಪದ. ನಿನ್ನ ಹುಟ್ಟಿದ ದಿನ, ನಮ್ಮ ಹೆಸರು ಯಾವುದೂ ಬೇಡ. ಪರೀಕ್ಷಿಸಬೇಕೇ ಎಂದು ಕೇಳಿದರೆ ಹೌದು ಎನ್ನು. ಕೆಲಸ ಮುಗಿದ ಮೇಲೆ ಕಂಪ್ಯೂಟರನ್ನು ಪೂರ್ತಿ ಆರಿಸು. ಮುಚ್ಚಳ ಮುಚ್ಚಿ ಮಲಗಿಸಿಟ್ಟರೆ ಬೀಗ ಹಾಕಿದ ಲೆಕ್ಕವಲ್ಲವಂತೆ, ಕೀಲಿ ಬಾಗಿಲಿನಲ್ಲೇ ನೇತಾಡುತ್ತಿರುತ್ತದಂತೆ. ರೈಲು ಹತ್ತುವ ಮುಂಚೆ ಇದನ್ನು ಮರೆಯಬೇಡ.

ಇನ್ನು ಅಂಗಡಿಯ ಸುದ್ದಿ. ಹೋದ ತಿಂಗಳು ಒಬ್ಬ ದೊಡ್ಡ ಮನುಷ್ಯ ಬಂದು, ಮನೆಗೆ ಬಂದು ಹೆಂಡತಿಯ ಕಪಾಟು ತೆರೆದುಕೊಡಿ ಎಂದ. ಆಕೆ ಎಲ್ಲಿ ಎಂದೆ. ಕೆಲಸಕ್ಕೆ ಹೋಗಿದ್ದಾಳೆ ಎಂದ. ಆಕೆ ಬಂದ ಮೇಲೆ ಕರೆಯಿರಿ ಎಂದೆ. "ನನ್ನ ಮನೆ ರೀ, ನನ್ನ ಹೆಂಡ್ತಿ, ನಿಮಗೇನು ಕಷ್ಟ?" ಎಂದು ರೇಗಿದ. "ಮನೆ ನಿಮ್ದು. ಬೀಗ ಯಾರದು?" ಎಂದು ಕೇಳಿದೆ. ಬೀಗದ ಯಜಮಾನರು ಪಕ್ಕದಲ್ಲಿ ನಿಲ್ಲದೆ ಬೀಗ ಮುಟ್ಟಬಾರದೆಂದು ನಿನ್ನ ತಾತ ನನ್ನಿಂದ ಮಾತು ತೆಗೆದುಕೊಂಡಿದ್ದರು. ಆ ಮನುಷ್ಯ ಗೊಣಗಿಕೊಂಡು ಹೋದ. ಪಕ್ಕದ ಟೀ ಅಂಗಡಿಯವರು "ಸರಿಯಾಗಿ ಹೇಳಿದ್ರಿ ಅಮ್ಮ" ಎಂದು ಬಿಟ್ಟಿ ಟೀ ಕೊಟ್ಟರು. ಅರ್ಧ ಕುಡಿದು ಲೋಟ ಕೆಳಗಿಟ್ಟೆ.

ಇನ್ನೊಂದು ಸುದ್ದಿ. ನೀನು ಮುಖ ತಿರುಗಿಸುತ್ತೀಯ, ಆದರೂ ಓದು. ಹೋದ ಸೋಮವಾರ ಅಂಗಡಿಗೆ ಉದ್ದಜಡೆ ಬಂದಿದ್ದಳು. ನಿನ್ನ ಉದ್ದಜಡೆಯೇ. ಅವಳ ಮಾತೆತ್ತಬೇಡ ಎಂದು ಹದಿನೇಳನೇ ವಯಸ್ಸಿನಲ್ಲಿ ನೀನು ಹೇಳಿದ ಮೇಲೆ ನಾನು ಎತ್ತಿರಲಿಲ್ಲ. ಜಡೆ ಈಗ ಇಲ್ಲ, ಕಿವಿಯ ಹತ್ತಿರಕ್ಕೆ ಕತ್ತರಿಸಿದ್ದಾಳೆ. ಕಣ್ಣಿನ ತೊಂದರೆ ಇರುವ ಮಕ್ಕಳ ಶಾಲೆಯಲ್ಲಿ ಪಾಠ ಮಾಡುತ್ತಾಳಂತೆ. ಹೊಸ ಮನೆ ಮಾಡಿದ್ದಾಳೆ, ಬಾಗಿಲಿನ ಕೀಲಿಗೆ ನಕಲು ಮಾಡಿಸಬೇಕಿತ್ತು. ನಾನು ಕೀಲಿ ಕೊರೆಯುವಾಗ ಸ್ಟೂಲಿನ ಮೇಲೆ, ನೀವಿಬ್ಬರೂ ಶಾಲೆ ಬಿಟ್ಟ ಮೇಲೆ ಕೂರುತ್ತಿದ್ದ ಜಾಗದಲ್ಲೇ ಕೂತಿದ್ದಳು. ಹಿತ್ತಾಳೆ ಪುಡಿ ಬಟ್ಟೆಗೆ ಹತ್ತುತ್ತದೆ ಎಂದರೆ ಆಗಲೂ ಕೇಳುತ್ತಿರಲಿಲ್ಲ, ಈಗಲೂ ಕೇಳಲಿಲ್ಲ. "ಆಂಟಿ, ಅವಳು ಚೆನ್ನಾಗಿದ್ದಾಳಾ?" ಎಂದು ಕೇಳಿದಳು. ಚೆನ್ನಾಗಿದ್ದಾಳೆ ಎಂದೆ. "ಈಗಲೂ ಓದ್ತಾ ಓದ್ತಾ ಉಗುರು ಕಚ್ಚುತ್ತಾಳಾ?" ಎಂದಳು. ಅವಳ ಬಗ್ಗೆ ಇನ್ನೂ ಹೇಳುವುದಿದೆ.

ಈಗ ನಿನ್ನ ಎರಡನೇ ಕೇಳಿಕೆ. ಎರಡನೇ ಕೀಲಿಯನ್ನು ಖಂಡಿತ ಮಾಡಿಸಿಕೋ, ಆ ಕಾಗದ ಬೇಕೇ ಬೇಕು. ಆದರೆ ನನಗೆ ಕಳಿಸಬೇಡ. ಬೇಡ ಎಂದು ಬರೆಯಲು ಎಷ್ಟು ಕಷ್ಟವಾಗುತ್ತಿದೆ ಎಂದು ನಿನಗೆ ಗೊತ್ತಾಗುವುದಿಲ್ಲ. ನೀನು ಕೇಳಿದ ಒಂದೇ ಒಂದು ಸಹಾಯಕ್ಕೆ ಅಮ್ಮ ಇಲ್ಲ ಎನ್ನುತ್ತಿದ್ದಾಳೆ. ನಮ್ಮ ಮನೆಯ ಸೂರು ಸೋರುತ್ತದೆ, ನಿನ್ನಪ್ಪ ಕಂಡ ಕಾಗದದ ಮೇಲೆಲ್ಲ ಹಾಡು ಬರೆಯುತ್ತಾರೆ, ನನಗೆ ವಯಸ್ಸಾಯಿತು ಎಂದೆಲ್ಲ ಕಾರಣ ಬರೆದು ಒಂದು ಹಾಳೆ ಹರಿದು ಹಾಕಿದೆ. ಅವು ಯಾವುವೂ ಕಾರಣವಲ್ಲ.

ನಿನ್ನಪ್ಪ ಕೇಳಿದ್ದಾರೆಂದು ಬರೆಯಲು ಹೇಳಿದರು. ಬರುವಾಗ ಅವರಿಗೆ ಏನೂ ತರಬೇಡವಂತೆ, ತರುವುದಾದರೆ ಹಾಡು ರೆಕಾರ್ಡು ಮಾಡುವ ಸಣ್ಣ ಮೈಕು ತರಬೇಕಂತೆ. ಕೆಮ್ಮು ಬಂದರೆ ಅಲಕ್ಷ್ಯ ಮಾಡಬೇಡ. ಊರಿನವರ ದುಃಖವನ್ನೆಲ್ಲ ಕೇಳಿ ಬಂದ ದಿನ ಬೇಗ ಮಲಗು. ನೀನು ಮುಟ್ಟಿದ ಕೆಲಸವೆಲ್ಲ ಒಳ್ಳೆಯದಾಗಲಿ, ನಿನ್ನನ್ನು ನಂಬಿ ಮಾತಾಡಿದವರ ಮಾತು ನಿನ್ನಲ್ಲೇ ಭದ್ರವಾಗಿರಲಿ, ನೂರು ಕಾಲ ಸುಖವಾಗಿ ಬಾಳು.

ಇಂತಿ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆರೆದೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದೆಲ್ಲ ಸುಳ್ಳಾಗುತ್ತದೆ.

ತಾತನಿಗೆ ಕೊಟ್ಟ ಮಾತನ್ನು ನಾನು ಒಂದು ಸಲ ಮುರಿದಿದ್ದೇನೆ. ನಿನ್ನ ತಗಡಿನ ಪೆಟ್ಟಿಗೆಯನ್ನು ತೆರೆದವಳು ನಾನು. ನಿನಗಾಗ ಹದಿನೇಳು. ಎರಡು ತಿಂಗಳಿಂದ ನೀನು ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ, ನನಗೆ ಹೆದರಿಕೆಯಾಗಿತ್ತು. ಒಲೆಯ ಮೇಲೆ ಹಾಲಿಟ್ಟು, ನಿನ್ನ ತಲೆಯ ಪಿನ್ನೊಂದನ್ನು ಬಗ್ಗಿಸಿಕೊಂಡು ನಿನ್ನ ಕೋಣೆಗೆ ಹೋದೆ. ತೆರೆದು, ನೋಟುಪುಸ್ತಕ ಓದಿ, ಇದ್ದ ಹಾಗೇ ಇಟ್ಟು, ಬೀಗ ಹಾಕಿ ಬರುವಷ್ಟರಲ್ಲಿ ಹಾಲು ಇನ್ನೂ ಉಕ್ಕಿರಲಿಲ್ಲ. ಗೀರೂ ಬೀಳದ ಹಾಗೆ ಮಾಡಿದ್ದೆ. ಕೈಚಳಕದ ಬಗ್ಗೆ ಅಂದು ಹೆಮ್ಮೆಯೂ ಪಟ್ಟೆ, ದೇವರೇ.

ನಾನು ಬಲವಂತ ಮಾಡಿದ ಶಿಕ್ಷಕರ ತರಬೇತಿಯ ಪರೀಕ್ಷೆಗೆ ಹೋಗುವುದಿಲ್ಲ, ಹೋದ ಹಾಗೆ ಮಾಡಿ ಎರಡು ದಿನ ಲೈಬ್ರರಿಯಲ್ಲಿ ಕೂತು ಬರುತ್ತೇನೆ ಎಂದು ನೀನು ಅದರಲ್ಲಿ ಬರೆದಿದ್ದೆ. ಉದ್ದಜಡೆಗೆ ಮಾತ್ರ ಹೇಳಿದ್ದೇನೆ ಎಂದೂ ಬರೆದಿದ್ದೆ. ಪರೀಕ್ಷೆಯ ದಿನ ಬೆಳಿಗ್ಗೆ ನಾನು ನಿನ್ನ ಕೈ ಹಿಡಿದುಕೊಂಡು, "ಲೈಬ್ರರಿಗಲ್ಲ, ಪರೀಕ್ಷೆಗೆ ಹೋಗೋಣ ಬಾ" ಎಂದೆ. "ಅವಳು ಹೇಳಿದ್ಳಾ?" ಎಂದು ನೀನು ಕೇಳಿದೆ. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಪರೀಕ್ಷೆ ಮುಗಿದ ಮೇಲೆ ನೀನು ನೇರವಾಗಿ ಅವಳ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು ಆಡಿದ ಮಾತು ನನಗೆ ಗೊತ್ತು. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಹದಿನಾಲ್ಕು ವರ್ಷ ಕಳೆದೆ. ನೀನು ನನ್ನ ಮೇಲೆ ನಂಬಿಕೆ ಹೆಚ್ಚಿಸಿಕೊಂಡಷ್ಟೂ ನನ್ನ ಬಾಯಿ ಗಟ್ಟಿಯಾಯಿತು.

ಸೋಮವಾರ ಅವಳು ಉಗುರು ಕಚ್ಚುವ ಮಾತು ಕೇಳಿದಾಗ ನಾನು ಹಲ್ಲು ತಪ್ಪಾಗಿ ಕೊರೆದೆ. ಕೀಲಿ ಕೆಟ್ಟಿತು. ಮೆಷಿನ್ ನಿಲ್ಲಿಸಿ ಅವಳಿಗೆ ಎಲ್ಲ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ, "ಗೊತ್ತು ಆಂಟಿ. ನಾನು ಹೇಳಿರಲಿಲ್ಲ ಅಂದ್ಮೇಲೆ, ಬೀಗ ಹಾಕಿದ ಪೆಟ್ಟಿಗೇನ ಗುರುತು ಸಿಗದ ಹಾಗೆ ತೆಗೆಯೋರು ನಿಮ್ಮನೇಲಿ ಬೇರೆ ಯಾರಿದ್ರು?" ಎಂದಳು.

ಅಂದೇ ನಿನಗೆ ಅದನ್ನು ಯಾಕೆ ಹೇಳಲಿಲ್ಲ ಎಂದು ಅವಳನ್ನು ಕೇಳಿದೆ.

"ಹೇಳೋಣ ಅಂತಲೇ ಬಾಯಿ ತೆಗೆದೆ. ಅವಳು ಅಷ್ಟು ಅಳ್ತಿದ್ಳು. ಹೇಳಿದ್ರೆ ಅವಳಿಗೆ ನಾನೂ ಇಲ್ಲ, ನೀವೂ ಇಲ್ಲ ಅನ್ನೋ ಹಾಗಾಗ್ತಿತ್ತು. ಒಬ್ಬರಾದ್ರೂ ಇರ್ಲಿ ಅನ್ನಿಸ್ತು" ಎಂದಳು. ಅವಳಿಗೂ ಆಗ ಹದಿನೇಳೇ, ಪುಟ್ಟಿ.

ನಿನ್ನ ನಂಬಿಕೆಗೆ ನಾನು ಯೋಗ್ಯಳಲ್ಲ. ನನ್ನ ಮೇಲೆ ಕೋಪ ಮಾಡಿಕೋ, ಕಾಗದ ಬರೆಯಬೇಡ, ಫೋನ್ ಎತ್ತಬೇಡ. ನಿನಗೆ ಆರಿಸಿದ ಬೀಗವನ್ನು ನಾನು ಒಂಬತ್ತು ದಿನ ಕೂತರೂ ತೆರೆಯಲಾರೆ, ಅಷ್ಟು ಮಾತ್ರ ಈ ಸಲ ಖಾತ್ರಿ ಮಾಡಿಕೊಂಡಿದ್ದೇನೆ. ಎರಡನೇ ಕೀಲಿಯನ್ನು ಯಾರ ಹತ್ತಿರ ಇಡಬೇಕೆಂದು ಬೀಗದವಳನ್ನು ಕೇಳಿದರೆ, ನನಗೆ ತಿಳಿದ ಒಬ್ಬಳೇ ಇದ್ದಾಳೆ.

ಲಕೋಟೆಯ ತಳದಲ್ಲಿ ಹಿತ್ತಾಳೆಯ ಬಿಲ್ಲೆಯೊಂದು ಇದೆ, ನಾವು ಕೀಲಿಗೊಂಚಲಿಗೆ ಹಾಕಿಕೊಡುವಂಥದ್ದು. ಅದರ ಮೇಲೆ ಅವಳ ಫೋನ್ ನಂಬರ್ ಕೊರೆದಿದ್ದೇನೆ. ಅವಳು ಪಕ್ಕದಲ್ಲಿ ನಿಂತು ಒಂದೊಂದೇ ಅಂಕೆ ಹೇಳಿದಳು.